ಕುಲಾಂತರಿ ಕಡಲೆ, ಅರ್ಧ ತಟ್ಟೆ ಅವಲಕ್ಕಿ

ಪುಟ್ಟವ್ವಾ, ಪುಟ್ಟಪ್ಪಾ, ನಿಮ್ಮಪ್ಪ ನಿಮ್ಮವ್ವನನ್ನು ನೋಡಲು ನಮ್ಮೂರು ಮಸೂತಿಗೆ ಬಂದ ದಿನದ ಕಥೆಯನ್ನು ಎದುರು ಕೂತು ಹೇಳೆಂದರೆ ನನಗೆ ನಾಚಿಕೆ. ಅದಕ್ಕೇ ಬರೆದಿದ್ದೇನೆ.

ಆಗ ನನ್ನ ಮಗಳು, ಅಂದರೆ ನಿಮ್ಮವ್ವ, ಕೃಷಿ ಕಾಲೇಜು ಮುಗಿಸಿ, ನೀರು ಕಡಿಮೆಯಾದರೂ ಒಣಗದ ಕಡಲೆ ಮಾಡುವ ಕೆಲಸಕ್ಕೆ ಸೇರಿದ್ದಳು. ಬೇರೊಂದು ಗಿಡದಿಂದ ಬರ ತಾಳುವ ಗುಣವನ್ನು ತಂದು ಕಡಲೆಯೊಳಗೆ ಸೇರಿಸುವುದಂತೆ. ನಮ್ಮ ಎರೆಹೊಲದಲ್ಲಿ ಕಡಲೆ ಕಾಯಿ ಕಟ್ಟುವ ಹೊತ್ತಿಗೇ ನೆಲ ಬಿರಿಯುವುದನ್ನು ನೋಡಿ ಬೆಳೆದವಳು. ಆ ಕೆಲಸ ಬಿಡಿಸುವ ಮನೆ ಬೇಡವೆಂದು, ಬಂದ ವರಗಳ ಫೋಟೊಗಳನ್ನೆಲ್ಲ ತಿರುಗಿಸಿ ಕೊಡುತ್ತಿದ್ದಳು. ಇಂಡಿ ಊರಿನ ಹುಡುಗನ ಫೋಟೊ ಮಾತ್ರ ವಾಪಸು ಬಂದಿರಲಿಲ್ಲ.

ಗಂಡಿನವರು ಬಂದಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಹುಡುಗನ ತಂದೆ, ಅಂದರೆ ನಿಮ್ಮ ಇಂಡಿ ಮುತ್ಯಾ, ಅವಲಕ್ಕಿ ತಿನ್ನುತ್ತ, "ಹುಡುಗಿ ಏನ್ ಕೆಲಸ ಮಾಡ್ತಾಳ್ರಿ?" ಎಂದರು.

ನನ್ನ ಅಣ್ಣನಿಗೆ ಪೇಪರಿನ ದೊಡ್ಡ ಶಬ್ದಗಳೆಂದರೆ ಹುಚ್ಚು. "ಕುಲಾಂತರಿ ಮಾಡ್ತಾಳ್ರಿ" ಎಂದ.

ಮುತ್ಯಾ ತಟ್ಟೆ ಕೆಳಗಿಟ್ಟರು. "ಏನಂದ್ರಿ?"

"ಒಂದ್ ಕುಲದ್ದು ತಗದು ಇನ್ನೊಂದ್ ಕುಲಕ್ಕ ಹಚ್ಚೂದ್ರಿ. ಪಗಾರ ಚಲೋ ಐತಿ."

"ಮನಿತನ ಕೇಳಿ ಬಂದೇವ್ರಿ ನಾವು. ಕುಲಕ್ಕ ಕುಲ ಕೂಡಸೂ ಹುಡುಗಿ ನಮಗ ಬ್ಯಾಡ. ಏಳಪಾ" ಎಂದು ಮಗನ ಭುಜ ತಟ್ಟಿದರು.

ನಿಮ್ಮಪ್ಪ ಏಳಲಿಲ್ಲ. ಅವಲಕ್ಕಿಯೊಳಗಿನ ಶೇಂಗಾ ಆರಿಸುತ್ತ ಕೂತ. ಒಳಗೆ ನಿಮ್ಮವ್ವನ ಮುಖ ಸಪ್ಪಗಾಯಿತು. ಹೊರಗಿನ ಗಂಡಸರೆದುರು ಎಂದೂ ಬಾಯಿ ತೆರೆಯದ ನಾನು ಬಾಗಿಲ ಸಂದಿಯಿಂದಲೇ ಅಂದುಬಿಟ್ಟೆ: "ಮಂದಿ ಕುಲ ಅಲ್ರಿ ಬೀಗರ, ಕಡ್ಲಿ ಕುಲರಿ. ನಿಮ್ಮ ತ್ವಾಟದ ದ್ರಾಕ್ಷಿಗೆ ಕಾಡಬಳ್ಳಿ ಬೇರ ಹಚ್ಚಿಲ್ಲೇನ್ರಿ? ಹಂಗರಿ."

ನಿಮ್ಮವ್ವ ಸುಮ್ಮನಿರಬೇಕಲ್ಲ, ಹೊರಗೇ ಬಂದಳು. "ಯವ್ವಾ, ಅದು ಕಸಿ. ಇದು ಬೀಜದಾಗ ಇರತೈತಿ, ಮುಂದಿನ ಬೆಳಿಗೂ ಬರತೈತಿ."

ಮುತ್ಯಾ ಅವಳನ್ನು ನೋಡಿದರು, ಬಾಗಿಲ ಕಡೆ ನೋಡಿದರು. "ಹಡದವ್ವನ್ನ ಹಿಂಗ ತಿದ್ದಾಕಿ ಅತ್ತಿನ್ನ ಬಿಡತಾಳೇನು?" ಎಂದು ನಗುತ್ತ ತಟ್ಟೆ ಎತ್ತಿಕೊಂಡರು. "ಇರಲಿ. ಮಾತ ಮುಗಿಯೂ ಮೊದಲ ನಮ್ಮನ್ನ ಬೀಗರು ಮಾಡಿಬಿಟ್ರಿ. ಇನ್ನೊಂದೀಟು ಅವಲಕ್ಕಿ ಹಾಕ್ರಿ. ಕಡ್ಲಿ ಕೆಲಸ ಬಿಡೂದು ಬ್ಯಾಡ, ನಮ್ಮ ಹೊಲಕ್ಕೂ ಬೇಕು."

ಬೀಗರೆಂದದ್ದು ಆಗಲೇ ನನ್ನ ಅರಿವಿಗೆ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಹತ್ತಿರ ಓಡಿದೆ.

ಆ ಕಡಲೆ ಇನ್ನೂ ಹಸಿರುಮನೆಯ ಕುಂಡದಲ್ಲೇ ಇದೆ. ಪರೀಕ್ಷೆಗಳು ಮುಗಿದು ಅಪ್ಪಣೆ ಸಿಗದೆ ಹೊಲಕ್ಕೆ ಬರುವಂತಿಲ್ಲವಂತೆ. ಅದಕ್ಕಿಂತ ಮೊದಲು ನೀವಿಬ್ಬರು ಬಂದಿರಿ. ಇದರಲ್ಲಿ ತಪ್ಪು ಕಂಡರೆ ತಿದ್ದಿರಿ, ನಿಮ್ಮವ್ವನ ಮಕ್ಕಳಲ್ಲವೇ. ಹಾಳೆಗಳನ್ನು ಮಾತ್ರ ಕಳೆಯಬೇಡಿ. ಬಿತ್ತುವ ಕಡಲೆಯನ್ನು ಇಡುವಂತೆ, ನಡುವೆ ಬೇವಿನ ಎಲೆ ಹಾಕಿ ಜೋಪಾನವಾಗಿ ಇಟ್ಟುಕೊಳ್ಳಿರಿ.