ಮಾವನ ಕಿವಿಯಾಗಿದ್ದ ಚನ್ನಮಲ್ಲಮ್ಮ

ಕಲ್ಲಿದ್ದಲು ಗಣಿಗಳ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ಓದುವ ಚಟ ನನಗೆ. ಯಂತ್ರ ಎಷ್ಟು ದೊಡ್ಡದು, ಸುರಂಗ ಎಷ್ಟು ಆಳ, ಎಲ್ಲ ಬರೆದಿರುತ್ತಾರೆ. ಗಂಡ ಅಗೆದದ್ದನ್ನು ಹೆಂಡತಿ ಬುಟ್ಟಿಯಲ್ಲಿ ಹೊತ್ತು ಬಂಡಿಗೆ ಸುರಿಯುತ್ತಿದ್ದಳೆಂಬುದಕ್ಕೆ ಒಂದು ಸಾಲು ಸಿಕ್ಕಿದರೆ ಹೆಚ್ಚು. ಮೈ ಉರಿಯುತ್ತದೆ. ನನ್ನ ಸೋದರತ್ತೆ ಚನ್ನಮಲ್ಲಮ್ಮ ಹಾಗೆ ಹೊತ್ತವಳು.

ಮದುವೆಯಾದ ಹೊಸದರಲ್ಲೇ ಅತ್ತೆ ಮತ್ತು ಅವಳ ಗಂಡ ಪರ್ವತಯ್ಯ ಮಾವ ಪಾವಗಡ ಬಿಟ್ಟು ನಿಜಾಮರ ಸೀಮೆಯ ಗಣಿಗೆ ಹೋದರು. ತೆಲುಗು ಇಬ್ಬರಿಗೂ ಸಲೀಸು, ಹೊಂದಿಕೊಂಡರು. ಮದ್ದು ಸಿಡಿಸಿ ಸಿಡಿಸಿ ಮಾವನ ಕಿವಿ ಮಂದವಾಯಿತು, ಕಡೆಗೆ ಪೂರ್ತಿ ಹೋಯಿತು. ಕಿವುಡರನ್ನು ಸುರಂಗಕ್ಕೆ ಬಿಡುವುದಿಲ್ಲ. ಮೇಲಿನ ಕಲ್ಲು ಕುಸಿಯುವ ಮುನ್ನ ಅದಕ್ಕೆ ಆಸರೆ ಕೊಟ್ಟ ಮರದ ಕಂಬ ಚಿಟಚಿಟ ಅನ್ನುತ್ತದೆ, ಅದು ಕೇಳಿಸಿದವನು ಓಡಿ ಬದುಕುತ್ತಾನೆ. ಹಾಗಾಗಿ ಇಬ್ಬರೂ ವಿಷಯ ಮುಚ್ಚಿಟ್ಟರು. ಸದ್ದಾದರೆ ಅತ್ತೆ ಮಾವನ ಬೆನ್ನಿಗೆ ಗುದ್ದುತ್ತಿದ್ದಳು, ಇಬ್ಬರೂ ಓಡುತ್ತಿದ್ದರು. ಮೇಸ್ತ್ರಿ ಮಾವನನ್ನು ಮಾತಾಡಿಸಿದರೆ ಇವಳೇ ಮುಂದೆ ಬಂದು ಉತ್ತರ ಕೊಡುತ್ತಿದ್ದಳು. ಗಂಡನಿಗೆ ಬಾಯಿ ತೆರೆಯಲು ಬಿಡದ ಬಜಾರಿ ಎಂದು ಹೆಸರೂ ಬಂತು.

ಆಮೇಲೆ ಹೆಂಗಸರು ಸುರಂಗಕ್ಕೆ ಇಳಿಯಕೂಡದೆಂಬ ಕಾನೂನು ಬಂತು. ಮಾವನ ಜೊತೆಗೆ ಹೊಸಬನೊಬ್ಬನನ್ನು ಹಾಕಿದರು. ಸದ್ದಾದರೆ ಅವನು ಕೂಗಿ ತಾನು ಓಡುತ್ತಾನೆ, ಆ ಕೂಗು ಇವರಿಗೆ ಕೇಳಿಸಬೇಕಲ್ಲ? ಅವನಿಗಾದರೂ ನಿಜ ಹೇಳೋಣವೆಂದರೆ ಮಾವ ಒಪ್ಪಲಿಲ್ಲ. ಒಳ್ಳೆ ಕೆಲಸಗಾರ ಎಂಬ ಹೆಸರಿತ್ತು, ಅದು ಹೋಗುತ್ತದೆಂಬ ಭಯ. ಮೇಲೆ ಗುಡಿಸಲಲ್ಲಿ ಕೂರಲಾರದೆ ಅತ್ತೆ ಸುರಂಗದ ಬಾಯಿಗೆ ಹೋಗಿ ಕಾಯುತ್ತಿದ್ದಳು. ಒಂದು ದಿನ ನೆಟ್ಟಗೆ ಮೇಸ್ತ್ರಿಯ ಹತ್ತಿರ ಹೋಗಿ ಹೇಳಿಬಿಟ್ಟಳು.

ಮೇಸ್ತ್ರಿ ಎಲ್ಲರೆದುರು ಮಾವನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಮಾವ ತಿರುಗಲಿಲ್ಲ. ಸುತ್ತ ನಿಂತವರು ನಕ್ಕರು. ಅಂದೇ ಕೆಲಸ ಹೋಯಿತು.

ಪಾವಗಡಕ್ಕೆ ಬಂದ ಮೇಲೆ ಮಾವ ಕೋಟೆ ಬೆಟ್ಟದ ಬುಡದಲ್ಲಿ ಹುಣಸೆ ತೋಪು ಕಾಯುತ್ತಿದ್ದರು. ಅತ್ತೆಯೊಂದಿಗೆ ಮಾತು ಬಿಟ್ಟರು. ಕಿವಿ ಹೋಗಿತ್ತು ಸರಿ, ಬಾಯಿಗೇನಾಗಿತ್ತು? ಹಸಿವಾದರೆ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದರು, ಅಷ್ಟೇ. ನೋಡಿ ನೋಡಿ ನನಗೇ ರೇಗುತ್ತಿತ್ತು.

ಒಮ್ಮೆ ಒಲೆಯ ಮುಂದೆ ಕೂತು ಕೇಳಿದೆ. "ಅತ್ತೆ, ಮಾವ ಅಗೀತಿದ್ದ ಜಾಗ ಆಮೇಲೆ ಕುಸೀತಾ?"

"ಇಲ್ಲ ಕಣಮ್ಮ. ಅಲ್ಲಿಂದ ಬಂದೋರ್ನೆಲ್ಲ ಕೇಳ್ದೆ. ಗಟ್ಟಿಯಾಗೈತೆ ಅಂದ್ರು."

"ಹಂಗಾದ್ರೆ ನೀನು ಸುಮ್ನಿದ್ದಿದ್ರೆ ಆಗ್ತಿತ್ತಲ್ಲ?"

"ಆಗ್ತಿತ್ತೋ ಏನೋ." ಅತ್ತೆ ಜಗಲಿಯ ಕಡೆ ನೋಡಿದಳು. ಮಾವ ಇತ್ತ ಬೆನ್ನು ಮಾಡಿ ಕೆಮ್ಮುತ್ತಾ ಕೂತಿದ್ದರು. "ಬಿದ್ದಿದ್ರೆ ನಾನು ಮಾಡಿದ್ದು ಸರಿ ಅನ್ನೋರು. ಬೀಳ್ಲಿಲ್ಲ, ಅದ್ಕೇ ಮುನಿಸ್ಕೊಂಡವ್ರೆ. ಮುನಿಸ್ಕೊಳ್ಳಕ್ಕಾದ್ರೂ ಉಳ್ಕೊಂಡವ್ರಲ್ಲ, ಬುಡು."

ಬಿಸಿ ಮುದ್ದೆಯನ್ನು ತಟ್ಟೆಗಿಟ್ಟು ಜಗಲಿಗೆ ಒಯ್ದಳು. ಅವರು ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.