ನಲವತ್ತು ದಾಟಿದವರ ಓಟ

ನನಗೆ ಎರಡು ವಯಸ್ಸು. ಒಂದು ಅವ್ವ ಹೇಳಿದ್ದು, ಇನ್ನೊಂದು ಹೆಡ್‌ಮಾಸ್ತರರು ಬರೆದದ್ದು. ಮನೆಯಲ್ಲಿ ನನ್ನ ಕಾಟ ತಡೆಯಲಾರದೆ ಅಪ್ಪ ನಾಲ್ಕು ತುಂಬುವ ಮೊದಲೇ ನನ್ನನ್ನು ಶಾಲೆಗೆ ಎಳೆದೊಯ್ದಿದ್ದ. ಧಾರವಾಡದ ಕಡೆಯ ಸಣ್ಣ ಊರು ನಮ್ಮದು. ಮಾಸ್ತರರು ಕಾಯ್ದೆಗೆ ಸರಿಹೋಗಲೆಂದು ಮೂರು ವರ್ಷ ಸೇರಿಸಿ, ಹುಟ್ಟಿದ ದಿನ ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ತರಗತಿಯ ಮುಕ್ಕಾಲು ಪಾಲು ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು.

ಎಪ್ಪತ್ತರ ದಶಕದ ಕೊನೆಗೆ ನಾನು ಯಶವಂತಪುರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕೆಲಸಗಾರರೆಲ್ಲರ ಸರ್ವಿಸ್ ರಿಜಿಸ್ಟರು ನನ್ನ ಬೀರುವಿನಲ್ಲಿರುತ್ತಿತ್ತು. ಕೂತು ಕೂತು ಹೊಟ್ಟೆ ಬಂದಿತ್ತು. ಬಾಡಿಗೆ ಮನೆ ಮತ್ತಿಕೆರೆಯಲ್ಲಿ. ಬೆಳಿಗ್ಗೆ ಅಲ್ಲಿಂದ ಸಂಜಯನಗರದ ಕಡೆಗೆ ನಡೆಯಲು ಹೋಗುತ್ತಿದ್ದೆ. ಒಂದು ದಿನ ಬರಿಗಾಲಲ್ಲಿ ಓಡುತ್ತಿದ್ದವನೊಬ್ಬ ನನ್ನನ್ನು ದಾಟಿ ಹೋದ, ತಿರುಗಿ ನೋಡಿ ನಿಂತ. ನಮ್ಮ ಪ್ಯಾಕಿಂಗ್ ವಿಭಾಗದವನು, ಮತ್ತಿಕೆರೆಯ ಹಳೇ ಮನೆತನದವನು.

"ಇಂಗೆ ನಡೆದ್ರೆ ಒಟ್ಟೆ ಕರಗಲ್ಲ ಸಾರ್" ಎಂದ. "ಓಡಿ. ನಾನಿವ್ನಿ ಜತೇಗೆ."

ನನಗೆ ಓಡುವುದನ್ನು ಕಲಿಸಿದವನು ಅವನು. ಮೊದಲ ತಿಂಗಳು ನಾನು ಎರಡು ಲೈಟು ಕಂಬದಷ್ಟು ಓಡಿ ಏದುಸಿರು ಬಿಡುತ್ತಾ ನಿಂತರೆ ಅವನೂ ನಿಲ್ಲುತ್ತಿದ್ದ. ನನಗಿಂತ ಏಳು ವರ್ಷ ದೊಡ್ಡವನು. ಆದರೂ ಅವನು ನನ್ನನ್ನು ಸಾರ್ ಅನ್ನುತ್ತಿದ್ದ, ನಾನು ಅವನನ್ನು ನೀನು ಅನ್ನುತ್ತಿದ್ದೆ. ಗುಮಾಸ್ತನೆಂಬ ಕೊಬ್ಬು ಹೊಟ್ಟೆಯಲ್ಲಷ್ಟೇ ಅಲ್ಲ, ನಾಲಿಗೆಯಲ್ಲೂ ಇತ್ತು.

ಓಡುತ್ತಾ ವಯಸ್ಸಿನ ಮಾತೂ ಬಂದಿತ್ತು. ನನಗೆ ನಿಜಕ್ಕೂ ಮೂವತ್ತೇಳೇ, ಕಾಗದದಲ್ಲಿ ನಲವತ್ತು ಎಂದೆ. ಅವನು ನಕ್ಕುಬಿಟ್ಟ. ಅವನದು ಇದರ ಉಲ್ಟಾ. ದನ ಕಾಯುತ್ತಿದ್ದವನನ್ನು ಹನ್ನೊಂದನೇ ವರ್ಷಕ್ಕೆ ಶಾಲೆಗೆ ಸೇರಿಸಿದ್ದರು, ಅಲ್ಲಿಯ ಮಾಸ್ತರರು ಆರು ಎಂದು ಬರೆದಿದ್ದರು. ಈಗ ಅವನಿಗೆ ನಲವತ್ತನಾಲ್ಕು, ಕಾಗದದಲ್ಲಿ ಮೂವತ್ತೊಂಬತ್ತು.

ಎರಡು ವರ್ಷ ಹೀಗೇ ಓಡಿದೆವು ಎಂದು ಬರೆಯುವ ಆಸೆಯಾಗುತ್ತದೆ. ನಿಜವಾಗಿ ಓಡಿದ್ದು ಏಳೆಂಟು ತಿಂಗಳು. ಅಷ್ಟರಲ್ಲಿ ಕಾರ್ಖಾನೆಯ ಕ್ರೀಡಾಕೂಟದ ನೋಟಿಸು ಬಂತು. ಕಾಂಪೌಂಡಿನ ಸುತ್ತ ಓಟ. ಎಲ್ಲರಿಗೂ ಐದು ಸುತ್ತು, ನಲವತ್ತು ತುಂಬಿದವರಿಗೆ ಬೇರೆಯಾಗಿ ಮೂರು ಸುತ್ತು. ಹೆಸರು ಕೊಡುವುದು ನನ್ನ ಟೇಬಲ್ಲಿಗೆ, ಏಕೆಂದರೆ ವಯಸ್ಸು ನೋಡಿ ಟಿಕ್ ಹಾಕುವವನು ನಾನೇ.

ಹುಡುಗರ ಜೊತೆ ಐದು ಸುತ್ತು ಓಡಿದರೆ ನಾನು ಕೊನೆಯ ನಾಲ್ಕೈದು ಜನರಲ್ಲೊಬ್ಬ. ಮೂರು ಸುತ್ತಿನ ಪಟ್ಟಿ ನೋಡಿದೆ. ಬಂದಿದ್ದ ಹೆಸರುಗಳೆಲ್ಲ ಬಿ.ಪಿ., ಮಂಡಿನೋವಿನವರದು. ಅಲ್ಲಿ ನಾನು ಗೆಲ್ಲುತ್ತೇನೆಂದು ಖಾತ್ರಿಯಾಗಿ ಗೊತ್ತಿತ್ತು. ಹುಟ್ಟಿದಾಗಿನಿಂದ ನಾನು ಒಂದೂ ಬಹುಮಾನ ಗೆದ್ದವನಲ್ಲ. ಮೂರು ದಿನ ಪೆನ್ನು ಹಿಡಿದು ಇಟ್ಟೆ, ಹಿಡಿದು ಇಟ್ಟೆ. ಮನೆಯಲ್ಲಿ ಹೆಂಡತಿಗೆ ಹೇಳಿದೆ.

"ಕಾಗದದಾಗ ನಲವತ್ತ ಇದ್ರ ನಲವತ್ತ ಅಲ್ಲೇನ್ರೀ?" ಅಂದಳು. "ಮೂರು ವರ್ಷ ಮೊದಲ ರಿಟೈರ್ ಮಾಡ್ತಾರಲ್ಲ, ಅವಾಗೇನ್ ನಿಮ್ಮವ್ವನ್ನ ಕೇಳ್ತಾರೇನು?"

ಮುಳುಗುವವನಿಗೆ ಹುಲ್ಲುಕಡ್ಡಿ ಸಾಕು. ಮರುದಿನ ನನ್ನ ಹೆಸರು ಬರೆದು ನಾನೇ ಟಿಕ್ ಹಾಕಿದೆ.

ಕೊನೆಯ ದಿನ ಊಟದ ಹೊತ್ತಿಗೆ ಅವನು ಬಂದ. ಟೈಮ್ ಆಫೀಸಿನ ಬಾಗಿಲಲ್ಲೇ ನಿಂತು, "ಸಾರ್, ನಂದೂ ನಲವತ್ತರ ಓಟಕ್ಕೆ ಬರ್ಕಳಿ" ಎಂದ. "ಬುಕ್ಕಲ್ಲಿ ಕಮ್ಮಿ ಐತೆ, ನಿಮಗ್ಗೊತ್ತಲ್ಲ. ನೀವೇ ಒಂದ್ಮಾತು ಏಳಿ ಸಮಿತಿಯೋರ್ಗೆ."

ಅವನು ಓಡಿದರೆ ನಾನು ಎರಡನೆಯವನು. ಇದು ನನ್ನ ತಲೆಗೆ ಮೊದಲು ಬಂದ ಯೋಚನೆ. ಎರಡನೆಯ ಯೋಚನೆ ಬರಲೇ ಇಲ್ಲ.

"ರಿಜಿಸ್ಟರ್‌ನಲ್ಲಿ ಇರೋದೇ ವಯಸ್ಸು" ಎಂದೆ. ಅವನು ಕದಲಲಿಲ್ಲ. ಆಗ ದನಿ ಇಳಿಸಿ, ಅವನ ಹಿತಕ್ಕೇ ಹೇಳುವವನಂತೆ ಹೇಳಿದೆ: "ನೋಡು, ನಲವತ್ನಾಲ್ಕು ಅಂತ ನೀನೇ ಬಾಯಿಬಿಟ್ರೆ ನಾಳೆ ಯಾರಾದ್ರೂ ಅದನ್ನ ಮೇಲಕ್ಕೆ ಬರೀತಾರೆ. ಐದು ವರ್ಷ ಮುಂಚೆ ಮನೆಗೆ ಕಳಿಸ್ತಾರೆ. ಮಕ್ಕಳಿನ್ನೂ ಓದ್ತಿದಾರಲ್ಲ, ಬೇಕಾ ನಿನಗೆ?"

ಕ್ರೀಡಾ ಸಮಿತಿಯ ಪಟ್ಟಿಗೂ ಸರ್ವಿಸ್ ರಿಜಿಸ್ಟರಿಗೂ ಯಾವ ಸಂಬಂಧವೂ ಇರಲಿಲ್ಲ. ಸಮಿತಿಯವರಿಗೆ ಒಂದು ಮಾತು ಹಾಕಿದ್ದರೆ ನಕ್ಕು ಬಿಡುತ್ತಿದ್ದರು. ಬೀರುವಿನ ಕೀಲಿ ಇಟ್ಟುಕೊಂಡವನು ಹೆದರಿಸಿದರೆ ಕೂಲಿಯವನು ಹೆದರುತ್ತಾನೆಂದು ನನಗೆ ಗೊತ್ತಿತ್ತು, ಹೆದರಿಸಿದೆ. ಅವನ ಮುಖ ಕಪ್ಪಿಟ್ಟಿತು.

"ಬ್ಯಾಡ ಬುಡಿ ಸಾರ್" ಎಂದ. ಹುಡುಗರ ಓಟಕ್ಕಾದರೂ ಸೇರು ಎಂದೆ, ದೊಡ್ಡ ಉಪಕಾರ ಮಾಡುವವನಂತೆ. "ಉಡುಗ್ರ ಜತೆ ಏನ್ ಓಡಾದು" ಎಂದು ಹೊರಟುಹೋದ. ನನ್ನ ಹೆಸರು ಪಟ್ಟಿಯಲ್ಲಿದೆಯೆಂದು ನಾನು ಹೇಳಲಿಲ್ಲ. ಅದನ್ನು ನೋಟಿಸ್ ಬೋರ್ಡಿನಲ್ಲೇ ಅವನು ಓದಿಕೊಂಡಿರಬೇಕು. ಮುಂದಿನ ದಿನಗಳ ಬೆಳಿಗ್ಗೆಯೂ ಎಂದಿನಂತೆ ಬಂದ, ಕೊನೆಯ ಸುತ್ತಿಗೆ ಉಸಿರು ಹೇಗೆ ಉಳಿಸಿಕೊಳ್ಳಬೇಕೆಂದು ಹೇಳಿಕೊಟ್ಟ. ನಾನು ಹೇಳಿಸಿಕೊಂಡೆ.

ಓಟದ ದಿನ ನನ್ನ ಕನ್ನಡಕ, ಕೈಗಡಿಯಾರ ಹಿಡಿದುಕೊಂಡು ಹಗ್ಗದ ಆಚೆ ನಿಂತವನೂ ಅವನೇ. ನಾನು ಗೆದ್ದೆ. ಎರಡನೆಯವರು ಸ್ಟೋರ್ಸಿನವರು, ಐವತ್ತೆರಡರ ಆಸುಪಾಸು, ತಲೆಯೆಲ್ಲ ಬೆಳ್ಳಗಾಗಿತ್ತು. ಬಹುಮಾನವಾಗಿ ನನ್ನ ಕೈಗೆ ಸ್ಟೀಲಿನ ಬಿಂದಿಗೆ ಬಂದಾಗ ಅವರು ಸೊಂಟ ಹಿಡಿದುಕೊಂಡು ಸುತ್ತ ಇದ್ದವರಿಗೆ ಕೇಳುವಂತೆ, "ಇವ್ರಿಗೆ ನಲವತ್ತು ಆಗಿದ್ಯೇನ್ರೀ? ನೋಡಿದ್ರೆ ಹಂಗೆ ಕಾಣ್ಸಲ್ಲ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನಾಗಿಯೇ ಕೂದಲಿಗೆ ಹೋಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಏನ್ ಮಾತೂಂತ ಆಡ್ತೀರಣ್ಣ" ಎಂದ ಅವನು, ಹಗ್ಗ ದಾಟಿ ಬಂದು. "ಸಾರ್‌ಗೆ ನಲವತ್ತು ತುಂಬಿ ಆಗೈತೆ. ನಂಗಿಂತ ದೊಡ್ಡೋರು. ದಿನಾ ಜತೇಲಿ ಓಡೋನು ನಾನು, ನಂಗೊತ್ತಿಲ್ವಾ?"

ಅವನ ಮಾತನ್ನು ಎಲ್ಲರೂ ನಂಬಿದರು. ಸ್ಟೋರ್ಸಿನವರು ನನ್ನ ಕೈ ಕುಲುಕಿ, ತಪ್ಪು ತಿಳಿಯಬೇಡಿ ಎಂದರು. ಆ ಕ್ಷಣ ಬಾಯಿಬಿಡಬಹುದಿತ್ತು. ನಾನು ಬಿಂದಿಗೆಯ ಕಂಠ ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದೆ. ಅವನು ಕನ್ನಡಕ ಒರೆಸಿ ನನ್ನ ಕೈಗಿಟ್ಟು, "ನಾಳೆ ಬೆಳಿಗ್ಗೆ ಬತ್ತೀರಲ್ಲ ಸಾರ್?" ಎಂದು ಕೇಳಿದ. ಬರ್ತೀನಿ ಎಂದೆ.

ಬೈದಿದ್ದರೆ ಹೋಗುತ್ತಿದ್ದೆನೇನೋ. ಮರುದಿನ ಹೊದ್ದು ಮಲಗಿದ್ದೆ. ಅವನು ಬೀದಿ ತಿರುವಿನಲ್ಲಿ ಬಹಳ ಹೊತ್ತು ಕಾಯುತ್ತಿದ್ದನೆಂದು ಹಾಲು ಹಾಕಲು ಬಂದ ಹೆಂಗಸು ನನ್ನ ಹೆಂಡತಿಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು. ಮೈ ಸರಿಯಿಲ್ಲ ಅಂತ ಹೇಳು ಎಂದು ಹೆಂಡತಿಗೆ ಕೂಗಿ ಹೇಳಿದೆ.