ಸಾಹೇಬರ ಮ್ಯೂಸ್ಲಿ, ಭಾವನ ಮೂಗು

ನನ್ನ ಅಕ್ಕ ವಸಂತಿಯ ಗಂಡ ಮಧ್ವರಾಜ ಭಾವ ಒಲೆಯೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಹೆದರುವ ಮನುಷ್ಯ. ನನ್ನ ಮನೆಗೆ ಬಂದು ಹೋಗುವಾಗ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದರೆ, ಠಾಣೆಯಲ್ಲಿ ಇಳಿಯಲು ಮೂರು ಸ್ಟೇಷನ್ ಮೊದಲೇ, ದಿವಾದಲ್ಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಟೆಲಿಫೋನ್ ಬಡಿದುಕೊಂಡರೆ ಯಾರೋ ಸತ್ತಿದ್ದಾರೆಂದೇ ಅವರ ತೀರ್ಮಾನ. ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು, ಉಣ್ಣುವವರು ತಲೆಯೆತ್ತಿ "ಭಟ್ರೇ, ಇದು ಸರಿ ಉಂಟಾ?" ಎಂದು ಕೇಳುವುದಕ್ಕೆ. ಯಾಕೆಂದರೆ ಉತ್ತರ ಅವರಿಗೇ ಗೊತ್ತಿರುತ್ತಿರಲಿಲ್ಲ.

ಭಾವ ಅಡುಗೆ ಕಲಿತದ್ದು ಉಡುಪಿಯ ಮಠವೊಂದರ ಪಾಕಶಾಲೆಯಲ್ಲಿ. ನೈವೇದ್ಯಕ್ಕೆ ಮೊದಲು ಅಲ್ಲಿ ಅಡುಗೆಯವರು ರುಚಿ ನೋಡುವಂತಿಲ್ಲ. ಉಪ್ಪು ಕೈಯಳತೆ, ಹುಳಿ ಮೂಗಿನಳತೆ. ಈ ಕಡೆ ಬಂದು ಹೋಟೆಲುಗಳಲ್ಲಿ ದುಡಿದು, ಠಾಣೆಯ ಕಾರ್ಖಾನೆಯೊಂದರ ಗೆಸ್ಟ್ ಹೌಸಿಗೆ ಸೇರಿದ ಮೇಲೂ ಆ ಕ್ರಮ ಬಿಡಲಿಲ್ಲ. ಬಡಿಸುವ ಮೊದಲು ತಿಂದರೆ ಎಂಜಲು ಬಡಿಸಿದ ಹಾಗೆ ಎನ್ನುತ್ತಿದ್ದರು. ಒಂಬತ್ತು ವರ್ಷ ಅಲ್ಲಿ ಒಬ್ಬರೂ ದೂರು ಹೇಳಲಿಲ್ಲ. "ಎಲ್ಲ ಇದರ ಪುಣ್ಯ" ಎಂದು ಮೂಗು ಮುಟ್ಟಿಕೊಳ್ಳುತ್ತಿದ್ದರು. ಹೆದರುಪುಕ್ಕನಿಗೂ ಒಂದು ಜಂಬ ಬೇಕಲ್ಲ.

೧೯೭೯ರಲ್ಲಿ ಹೊಸ ಯಂತ್ರ ಕೂರಿಸಲು ಸ್ವಿಟ್ಜರ್‌ಲೆಂಡಿನಿಂದ ಒಬ್ಬ ಸಾಹೇಬರು ಬಂದರು. ಬಂದ ವಾರವೇ ಹೊಟ್ಟೆ ಕೆಟ್ಟು ಮಲಗಿದರು. ಎದ್ದ ಮೇಲೆ ನಮ್ಮ ಅನ್ನ ಸಾರು ಕಂಡರೆ ಕೈಯಾಡಿಸಿ ಬೇಡವೆಂದರು. ಪೆಟ್ಟಿಗೆಯಿಂದ ಎರಡು ದೊಡ್ಡ ಡಬ್ಬಿ ತೆಗೆದು ಅಡುಗೆಮನೆಗೆ ಕೊಟ್ಟರು. ಒಳಗಿದ್ದದ್ದು ಮ್ಯೂಸ್ಲಿ. ಓಟ್ಸು, ಗೋಧಿಗಳ ಒಣ ಅವಲಕ್ಕಿ ಎನ್ನಿ. ನಡುವೆ ಅಲ್ಲೊಂದು ಇಲ್ಲೊಂದು ಒಣದ್ರಾಕ್ಷಿ. ಹಾಲು ಹಾಕಿ ಕೊಟ್ಟರೆ ನಾಲ್ಕು ಚಮಚ ತಿಂದು, ಮುಖ ಸಣ್ಣದು ಮಾಡಿ ಬಟ್ಟಲು ಸರಿಸುತ್ತಿದ್ದರು. ಹತ್ತೇ ದಿನದಲ್ಲಿ ಅವರ ಬೆಲ್ಟಿಗೆ ಹೊಸ ತೂತು ಬಿತ್ತು.

ಒಂದು ಸೋಮವಾರ ಮ್ಯಾನೇಜರ್ ಗುಣಪಾಲರು ಅಡುಗೆಮನೆಗೆ ಬಂದರು. ಅವರು ಕಾರ್ಕಳದ ಕಡೆಯವರು, ಭಾವನಿಗೆ ಬೇಕಾದವರೇ.

"ಭಟ್ರೇ, ಸಾಹೇಬ್ರು ಶನಿವಾರಕ್ಕೆ ವಾಪಸ್ ಟಿಕೆಟ್ ಮಾಡ್ಲಿಕ್ಕೆ ಹೇಳಿದ್ದಾರೆ. ಮೆಷಿನ್ ಅರ್ಧಕ್ಕೆ ನಿಂತ್ರೆ ಹೆಡ್ ಆಫೀಸಿನವ್ರು ಈ ಗೆಸ್ಟ್ ಹೌಸನ್ನೇ ಬಂದ್ ಮಾಡ್ತಾರೆ. ನಿಮ್ಮ ರೂಮೂ ಹೋಗ್ತದೆ. ಆ ಡಬ್ಬಿಯದ್ದನ್ನೇ ಅವ್ರು ಹೊಟ್ಟೆ ತುಂಬ ತಿನ್ನುವ ಹಾಗೆ ಏನಾದ್ರೂ ಮಾಡಿ ಮಾರಾಯ್ರೇ."

ರೂಮು ಎಂದರೆ ಅಡುಗೆಮನೆಯ ಹಿಂದಿನ ಕೋಣೆ. ಅದರಲ್ಲಿ ಅಕ್ಕ ಮಲಗಿದ್ದಳು, ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೆಟ್ಟಿಲು ಹತ್ತಬಾರದು, ನೀರು ಎತ್ತಬಾರದು ಎಂದು ಡಾಕ್ಟರು ಒಂದು ತಿಂಗಳಿಂದ ಹಾಸಿಗೆಗೆ ಹಾಕಿದ್ದರು. ಆ ಕೋಣೆ ಹೋದರೆ ಅವರಿಗಿದ್ದದ್ದು ಡೊಂಬಿವಲಿಯ ಚಾಳಿನಲ್ಲಿ ನನ್ನ ಬಾಡಿಗೆ ಕೋಣೆ. ಮೂರನೆಯ ಮಾಳಿಗೆ, ನಲ್ಲಿ ಕೆಳಗೆ. ಭಾವನ ಹೆದರಿಕೆಗೆ ಯಾವಾಗಲೂ ನಗುತ್ತಿದ್ದ ನನಗೆ ಈ ಸುದ್ದಿ ಕೇಳಿ ನಗು ಬರಲಿಲ್ಲ. ರಜೆ ಹಾಕಿ ಅಲ್ಲೇ ಉಳಿದೆ.

ಭಾವ ಡಬ್ಬಿ ಮೂಸಿದರು. ಒಣಹುಲ್ಲಿನ ವಾಸನೆ, ಅಷ್ಟೇ. ಮಂಗಳವಾರ ಹಾಲು ಸಕ್ಕರೆಯಲ್ಲಿ ಪಾಯಸದಂತೆ ಕುದಿಸಿದರು. ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಾಯಿತು. ಬುಧವಾರ ಅವಲಕ್ಕಿಯಂತೆ ತೊಳೆದು ಹಿಂಡಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರು. ದ್ರಾಕ್ಷಿ ಉಬ್ಬಿ ಕರಕಲಾಯಿತು. ಸಾಹೇಬರು ಒಂದು ಚಮಚ ಬಾಯಿಗಿಟ್ಟು, ನೀರು ಕುಡಿದು ಎದ್ದರು. ಮಧ್ಯಾಹ್ನ ಊಟಕ್ಕೆ ಬಂದ ಆಫೀಸಿನವರೂ ಸಾಂಬಾರನ್ನು ತಟ್ಟೆಯಲ್ಲೇ ಬಿಟ್ಟರು. ಸಾಂಬಾರಿನ ಕಥೆ ಒಂದು ತಿಂಗಳಿಂದ ಹೀಗೇ ನಡೆದಿತ್ತು, ಭಾವ ತಪ್ಪನ್ನು ತರಕಾರಿಯ ಮೇಲೆ ಹಾಕುತ್ತಿದ್ದರು. ಅವತ್ತು ಮಾತ್ರ ತರಕಾರಿಯನ್ನು ಬೈಯಲಿಲ್ಲ. ಹೋಗಿ ಅಕ್ಕನ ಹಾಸಿಗೆಯ ಪಕ್ಕ ನೆಲದಲ್ಲಿ ಕುಳಿತರು.

"ನನ್ನ ಮೂಗು ಸತ್ತಿತು ವಸಂತಿ."

ಅಕ್ಕ ಮಗ್ಗುಲಾಗಿ ಅವರ ಕಡೆ ತಿರುಗಿದಳು. ಆಮೇಲೆ, "ಒಂದು ಹೇಳ್ತೇನೆ, ಬೈಬಾರ್ದು. ಹಾಸಿಗೆ ಹಿಡಿಯುವವರೆಗೆ, ನೀವು ಹೊರಗೆ ತಟ್ಟೆ ಇಡ್ಲಿಕ್ಕೆ ಹೋದಾಗ ನಾನು ಸಾಂಬಾರು ಅಂಗೈಗೆ ಹಾಕಿ ನೋಡ್ತಿದ್ದೆ. ಉಪ್ಪು ಬೇಕಾದ್ರೆ ಉಪ್ಪು, ಬೆಲ್ಲ ಬೇಕಾದ್ರೆ ಬೆಲ್ಲ" ಎಂದಳು.

"ದಿನಾ?"

"ಏಕಾದಶಿ ಬಿಟ್ಟು."

ಭಾವನಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಬಂದದ್ದು ಭಯ. ಒಂಬತ್ತು ವರ್ಷ ನಂಬಿದ್ದ ಮೂಗು ಕೈಕೊಟ್ಟಿತ್ತು, ಶನಿವಾರಕ್ಕೆ ಮೂರೇ ದಿನವಿತ್ತು.

"ಈಗ ನಾನೇನು ಮಾಡ್ಲಿ?"

"ಮೊದ್ಲು ನೀವು ತಿನ್ನಿ. ಅದು ದೇವರಿಗಲ್ಲ, ಹಸಿದ ಮನುಷ್ಯನಿಗೆ."

ಗುರುವಾರ ಬೆಳಿಗ್ಗೆ, ಅದರಲ್ಲಿ ಮೊಟ್ಟೆ ಇಲ್ಲ ತಾನೇ ಎಂದು ಗುಣಪಾಲರನ್ನು ಮೂರು ಸಲ ಕೇಳಿ, ಭಾವ ಒಂದು ಚಿಟಿಕೆ ಮ್ಯೂಸ್ಲಿ ಬಾಯಿಗೆ ಹಾಕಿದರು. ಕಷಾಯ ಕುಡಿಯುವವರಂತೆ ಕಣ್ಣು ಮುಚ್ಚಿದ್ದರು. ಬಹಳ ಹೊತ್ತು ಅಗಿದರು.

"ಹಸಿ ಮಾರಾಯ, ಇದು ಹಸಿ. ಪಾಪ, ಇಷ್ಟು ದಿನ ಇದನ್ನೇ ತಿಂದ್ರಾ ಅವ್ರು?"

ದ್ರಾಕ್ಷಿ ಆರಿಸಿ ಬದಿಗಿಟ್ಟು, ಎಣ್ಣೆ ಹಾಕದೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರು. ಪರಿಮಳ ಎದ್ದಾಗ ಇಳಿಸಿದರು. ಯಾಲಕ್ಕಿ ಬಾಳೆಹಣ್ಣು ಕಿವುಚಿ, ಬೆಲ್ಲ, ಏಲಕ್ಕಿ, ತೆಳ್ಳಗಿನ ತೆಂಗಿನಹಾಲು ಸೇರಿಸಿ ನಮ್ಮೂರಿನ ರಸಾಯನ ಮಾಡಿದರು. ಹುರಿದದ್ದನ್ನು ಕೊನೆಗೆ ಮೇಲೆ ಉದುರಿಸಬೇಕು, ಇಲ್ಲದಿದ್ದರೆ ಮತ್ತೆ ಗೋಂದು. ಅಷ್ಟರಲ್ಲಿ ಹೊಸ ಹೆದರಿಕೆ ಹಿಡಿಯಿತು: ಕೆಟ್ಟ ಹೊಟ್ಟೆಗೆ ತೆಂಗಿನಹಾಲು ಆಗದೆ ಹೋದರೆ? ನಾಲಿಗೆಯನ್ನೂ ನಂಬಲಾಗದೆ ಒಂದು ಚಮಚ ಅಕ್ಕನ ಬಳಿ ಒಯ್ದರು. ಜೀವಮಾನವಿಡೀ ಹೆದರಿದ್ದ ಪ್ರಶ್ನೆಯನ್ನು ಅವರೇ ಕೇಳಿದರು.

"ಸರಿ ಉಂಟಾ?"

"ಒಂದು ಚಿಟಿಕೆ ಉಪ್ಪು," ಎಂದಳು ಅಕ್ಕ.

ಬಡಿಸಿ ಬಂದು ಬಾಗಿಲ ಹಿಂದೆ ನಿಂತೆವು. ಒಳಗೆ ಕುರುಕುರು ಸದ್ದು. ನಿಂತಿತು. ಭಾವ ನನ್ನ ಮುಂಗೈ ಹಿಡಿದುಕೊಂಡರು, ಉಗುರು ನಾಟಿತು. ಚಮಚ ಬಟ್ಟಲನ್ನು ಕೆರೆಯುವುದು ಕೇಳಿಸಿತು. ಸಾಹೇಬರು ತಾವೇ ಎದ್ದು ಬಂದು ಖಾಲಿ ಬಟ್ಟಲು ಚಾಚಿದರು, ಇನ್ನೂ ಬೇಕೆಂದು. ಆ ದಿನವಿಡೀ ಕಕ್ಕಸಿನ ಬಾಗಿಲು ಸದ್ದಾದಾಗಲೆಲ್ಲ ಭಾವ ರಾಯರ ಹೆಸರು ಹೇಳಿದರು. ಏನೂ ಆಗಲಿಲ್ಲ. ಶುಕ್ರವಾರ ಟಿಕೆಟ್ ರದ್ದಾಯಿತು. "ಇನ್ನು ಒಂದೇ ಡಬ್ಬಿ ಉಳಿದದ್ದು" ಎಂದು ಭಾವ ಆಗಲೇ ಬೆವರತೊಡಗಿದರು.

ಎರಡು ತಿಂಗಳಿಗೆ ಅಕ್ಕನಿಗೆ ಹೆಣ್ಣು ಮಗುವಾಯಿತು, ತಾಯಿ ಮಗು ಇಬ್ಬರೂ ಕ್ಷೇಮ. ಮರುದಿನ ಭಾವ ನನ್ನ ಕೈಗೆ ಪುಟ್ಟ ಗಿಂಡಿಯಲ್ಲಿ ಸಾಂಬಾರು ಕೊಟ್ಟು, "ನಾನು ತಿಂದು ನೋಡಿದ್ದೇನೆ. ಆದ್ರೂ ಆಸ್ಪತ್ರೆಗೆ ಹೋಗಿ ಅಕ್ಕನ ಹತ್ರ ಕೇಳಿ ಬಾ. ಹನ್ನೆರಡೂವರೆಗೆ ಬಡಿಸ್ಬೇಕು" ಎಂದರು. ಬಾಣಂತಿಗೆ ಸಾಂಬಾರು ಕೊಡಬಾರದೆಂದು ನರ್ಸ್ ಬೈದಳು. ಅಕ್ಕ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿಕೊಂಡಳು, ಮಗುವಿನ ಕಡೆ ನೋಡಿದಳು, ಅವಳ ಕಣ್ಣು ತುಂಬಿತು.

"ಸರಿ ಉಂಟು. ಏನೂ ಹಾಕ್ಲಿಕ್ಕಿಲ್ಲ ಅಂತ ಹೇಳು."